ಕಾಲೇಜಿನಲ್ಲಿ ಯಾವ ವಿದೇಶಿ ಭಾಷೆ? ಅರ್ಜಿ ತುಂಬುವ ಮೊದಲು ಹಾಕಬೇಕಾದ ಲೆಕ್ಕ

ಪಿಯುಸಿ ಫಲಿತಾಂಶ ಬಂದ ಮರುವಾರ ನಮ್ಮ ಕಾಲೇಜಿನ ಪ್ರವೇಶದ ಕೌಂಟರಿನ ಮುಂದೆ ಸಾಲು ಶುರುವಾಗುತ್ತದೆ. ಬಿ.ಕಾಂ.ಗೆ ಸೇರಬೇಕೋ ಬಿ.ಸಿ.ಎ.ಗೋ ಎಂದು ಮನೆಮಂದಿಯೆಲ್ಲ ಕೂತು ತಿಂಗಳುಗಟ್ಟಲೆ ಚರ್ಚಿಸಿ ಬಂದವರು, ಅರ್ಜಿಯಲ್ಲಿ ಭಾಷೆಯ ಕಾಲಂ ಎದುರಾದಾಗ ಪೆನ್ನು ಎತ್ತಿ ನಿಲ್ಲುತ್ತಾರೆ. ಹಿಂದೆ ನಿಂತವರು ಅವಸರ ಮಾಡುತ್ತಾರೆ. ಕೌಂಟರಿನಲ್ಲಿರುವ ಗುಮಾಸ್ತರನ್ನೇ ಕೇಳುತ್ತಾರೆ: "ಯಾವುದರಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತೆ ಸಾರ್?" ಅರ್ಧ ನಿಮಿಷದಲ್ಲಿ ಕಾಲಂ ತುಂಬಿ ಹೋಗುತ್ತದೆ. ಎರಡು ವರ್ಷ ಓದಬೇಕಾದ ವಿಷಯ ಅದು.

ಕಳೆದ ವರ್ಷ ಶಿರಾದಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. "ಇವಳಿಗೆ ಫ್ರೆಂಚ್ ಕೊಡ್ಸೋಣ ಅಂತಿದ್ದೀವಿ ಸಾರ್, ಪಕ್ಕದ ಮನೆಯೋರು ಅದಕ್ಕೇ ಸ್ಕೋಪು ಅಂದ್ರು." ಹುಡುಗಿಯನ್ನು ಕೇಳಿದೆ. ಅವಳು ಎರಡು ವರ್ಷದಿಂದ ಕೊರಿಯನ್ ಧಾರಾವಾಹಿಗಳನ್ನು ನೋಡುತ್ತಿದ್ದಳು, ಆ ಲಿಪಿಯನ್ನು ತಾನಾಗಿಯೇ ಕಲಿತು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತನ್ನ ಹೆಸರು ಬರೆದುಕೊಂಡಿದ್ದಳು. ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಇಬ್ಬರ ಜೊತೆಗೂ ಒಂದು ಗಂಟೆ ಮಾತಾಡಿದೆ. ಅವತ್ತು ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಜರ್ಮನ್ ಪಾಠ ಮಾಡುವವನು, ಆಮೇಲೆ ಜಪಾನಿ ಕಲಿತವನು. ಎಲ್ಲರೂ ಜರ್ಮನ್ ತೆಗೆದುಕೊಳ್ಳಲಿ ಎಂಬುದು ನನ್ನ ಅಭಿಪ್ರಾಯವಲ್ಲ.

ಮೊದಲ ಹೆಜ್ಜೆ: ಏಕೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು "ನಾನು ಈ ಭಾಷೆ ಕಲಿತರೆ ಮೂರು ವರ್ಷದ ನಂತರ ಇದರಿಂದ ಏನು ಮಾಡುತ್ತೇನೆ" ಎಂದು ಒಂದೇ ಸಾಲು ಬರೆಯಿರಿ. "ಸ್ಕೋಪ್ ಇದೆ" ಎಂದು ಬರೆಯಬೇಡಿ, ಅದು ಯಾರೋ ಹೇಳಿದ ಮಾತು. "ಜರ್ಮನಿಯಲ್ಲಿ ಎಂ.ಎಸ್. ಮಾಡುತ್ತೇನೆ", "ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೋಗುತ್ತೇನೆ", "ಬೆಂಗಳೂರಿನಲ್ಲೇ ಇದ್ದು ಭಾಷೆ ಬೇಕಾದ ಕೆಲಸಕ್ಕೆ ಸೇರುತ್ತೇನೆ", "ಅನುವಾದಕಿ ಆಗುತ್ತೇನೆ", "ಆ ಭಾಷೆಯ ಕಾದಂಬರಿಗಳನ್ನು ಮೂಲದಲ್ಲೇ ಓದುತ್ತೇನೆ". ಇಂಥ ಸಾಲು ಬೇಕು. ಕೊನೆಯದನ್ನು ಹಗುರವಾಗಿ ಎಣಿಸಬೇಡಿ. ಪರೀಕ್ಷೆ ಮುಗಿದ ಮೇಲೂ ಭಾಷೆಯನ್ನು ಬಿಡದೆ ಮುಂದುವರಿಸಿದ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಪ್ರೀತಿಯಿಂದ ಬಂದವರು.

ಅಂಕಕ್ಕಾಗಿ ತೆಗೆದುಕೊಳ್ಳುವುದು ತಪ್ಪೇ ಎಂದು ಹಲವರು ಕೇಳುತ್ತಾರೆ. ನಮ್ಮಲ್ಲಿ ಪಿಯುಸಿಯಲ್ಲೇ ಈ ಅಭ್ಯಾಸ ಬೆಳೆದಿದೆ. ಸಂಸ್ಕೃತ ಅಥವಾ ಫ್ರೆಂಚ್ ತೆಗೆದುಕೊಂಡರೆ ನೂರಕ್ಕೆ ನೂರರ ಹತ್ತಿರ ಬರುತ್ತದೆ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಒಟ್ಟು ಶೇಕಡಾವಾರು ಮುಖ್ಯವಾದ ಕಡೆ ಆ ಲೆಕ್ಕಕ್ಕೆ ಬೆಲೆ ಇದೆ ಎಂದು ಒಪ್ಪುತ್ತೇನೆ. ಆದರೆ ಪಿಯುಸಿ ಫ್ರೆಂಚ್‌ನಲ್ಲಿ ತೊಂಬತ್ತೈದರ ಮೇಲೆ ಅಂಕ ತೆಗೆದ ಮಕ್ಕಳನ್ನು ನಮ್ಮ ಫ್ರೆಂಚ್ ಅಧ್ಯಾಪಕಿ "ನಿನ್ನೆ ಏನು ಮಾಡಿದಿರಿ" ಎಂದು ಫ್ರೆಂಚ್‌ನಲ್ಲಿ ಕೇಳಿದಾಗ ಒಂದು ವಾಕ್ಯ ಕಟ್ಟಲಾಗದೆ ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ನೋಡಿದ್ದೇನೆ. ತಪ್ಪು ಆ ಮಕ್ಕಳದಲ್ಲ. ಅವರಿಗೆ ಬರೆಯುವುದನ್ನು ಮಾತ್ರ ಕಲಿಸಲಾಗಿತ್ತು.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಪದವಿಯಲ್ಲಿ ಸಾಮಾನ್ಯವಾಗಿ ಮೊದಲ ನಾಲ್ಕು ಸೆಮಿಸ್ಟರ್‌ಗಳಲ್ಲಿ ಎರಡು ಭಾಷೆ ಓದುತ್ತೀರಿ. ಒಂದು ಇಂಗ್ಲಿಷ್ ಆದರೆ, ಫ್ರೆಂಚ್ ಬಂದು ಕೂರುವುದು ಕನ್ನಡದ ಜಾಗದಲ್ಲಿ. ನಿಮ್ಮ ಕನ್ನಡ ಗಟ್ಟಿಯಾಗಿದ್ದರೆ, ಮನೆಯಲ್ಲಿ ಪತ್ರಿಕೆ ಪುಸ್ತಕ ಓದುವ ಅಭ್ಯಾಸವಿದ್ದರೆ ಚಿಂತೆ ಇಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಕನ್ನಡದ ಒಂದು ಪುಟವನ್ನು ಓದಲು ತಡವರಿಸುವವರಾದರೆ ನನ್ನ ಸಲಹೆ ಬೇರೆ: ಕಾಲೇಜಿನಲ್ಲಿ ಕನ್ನಡವನ್ನೇ ಇಟ್ಟುಕೊಳ್ಳಿ, ವಿದೇಶಿ ಭಾಷೆಯನ್ನು ಸಂಜೆ ಅಥವಾ ವಾರಾಂತ್ಯದ ತರಗತಿಯಲ್ಲಿ ಕಲಿಯಿರಿ. ಅದೂ ಒಂದು ದಾರಿ ಎಂಬುದು ಪ್ರವೇಶದ ಕೌಂಟರಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಎರಡನೆಯ ಹೆಜ್ಜೆ: ಗಂಟೆಗಳನ್ನು ಎಣಿಸಿ

ಯುರೋಪಿನ ಭಾಷೆಗಳಿಗೆ ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮೆಟ್ಟಿಲುಗಳ ಅಳತೆಗೋಲಿದೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ್ದು ಇದು. ಎ1 ಎಂದರೆ ಹೆಸರು, ಊರು ಹೇಳಿ ಅಂಗಡಿಯಲ್ಲಿ ಸಾಮಾನು ಕೊಳ್ಳುವಷ್ಟು. ಬಿ1 ಎಂದರೆ ದಿನನಿತ್ಯದ ಬದುಕನ್ನು ಸ್ವಂತವಾಗಿ ನಿಭಾಯಿಸುವಷ್ಟು. ಬಿ2 ಎಂದರೆ ಕಚೇರಿಯ ಸಭೆಯಲ್ಲಿ ಕೂತು ವಾದ ಮಾಡುವಷ್ಟು, ಪತ್ರಿಕೆಯ ಲೇಖನ ಓದುವಷ್ಟು. ಜಪಾನಿಗೆ ಎನ್5ರಿಂದ ಎನ್1ರವರೆಗೆ ಐದು ಹಂತಗಳ ಜೆಎಲ್‌ಪಿಟಿ, ಕೊರಿಯನ್‌ಗೆ ಆರು ಹಂತಗಳ ಟೋಪಿಕ್, ಚೀನಿಗೆ ಎಚ್‌ಎಸ್‌ಕೆ ಎಂಬ ಪರೀಕ್ಷೆಗಳಿವೆ.

ಫ್ರೆಂಚ್ ಅಥವಾ ಜರ್ಮನ್‌ನಲ್ಲಿ ಬಿ2 ಮುಟ್ಟಲು ಸುಮಾರು ಆರುನೂರು ಗಂಟೆ ಪಾಠ ಬೇಕು ಎಂಬುದು ಕಲಿಸುವವರು ಸಾಮಾನ್ಯವಾಗಿ ಹಾಕುವ ಅಂದಾಜು. ಈಗ ನಿಮ್ಮ ಕಾಲೇಜಿನ ಲೆಕ್ಕ ಹಾಕಿ. ವಾರಕ್ಕೆ ನಾಲ್ಕು ಗಂಟೆ, ಸೆಮಿಸ್ಟರಿಗೆ ಹದಿನೈದು ವಾರ, ನಾಲ್ಕು ಸೆಮಿಸ್ಟರ್. ಒಟ್ಟು 240 ಗಂಟೆ. ಹಬ್ಬ, ಫೆಸ್ಟ್, ಪರೀಕ್ಷೆ ಎಂದು ಕಳೆದರೆ ಇನ್ನೂರು ಉಳಿಯುತ್ತದೆ. ಎಷ್ಟು ಚೆನ್ನಾಗಿ ಓದಿದರೂ ಕಾಲೇಜಿನ ತರಗತಿ ನಿಮ್ಮನ್ನು ಎ2ರವರೆಗೆ ತಂದು ಬಿಡುತ್ತದೆ, ಅಷ್ಟೇ. ಭಾಷೆ ಬೇಕೆಂದು ಕೇಳುವ ಕೆಲಸಗಳು ಶುರುವಾಗುವುದು ಬಹುತೇಕ ಬಿ2ರಿಂದ. ನಡುವಿನ ನಾನೂರು ಗಂಟೆಯನ್ನು ನೀವೇ ಹುಡುಕಿಕೊಳ್ಳಬೇಕು. ಮೂರು ವರ್ಷಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತೈದು ನಿಮಿಷಕ್ಕಿಂತ ಕಡಿಮೆ. ಕೇಳಲು ಸುಲಭ, ಆದರೆ ಇಷ್ಟವಿಲ್ಲದ ಭಾಷೆಗೆ ಯಾರೂ ಮೂರು ವರ್ಷ ದಿನಾ ಇಪ್ಪತ್ತೈದು ನಿಮಿಷ ಕೊಡುವುದಿಲ್ಲ. ಅದಕ್ಕೇ ನಾನು ಮಕ್ಕಳಿಗೆ ಹೇಳುವುದು: ಯಾವ ಭಾಷೆಗೆ ಬೇಡಿಕೆ ಎಂದು ಕೇಳಬೇಡ, ಯಾವ ಭಾಷೆಯ ಜೊತೆ ಬಿ2 ತನಕ ಇರಬಲ್ಲೆ ಎಂದು ಕೇಳಿಕೋ. ಎ2ರಲ್ಲಿ ನಿಂತ ಜರ್ಮನ್‌ಗಿಂತ ಬಿ2 ಮುಟ್ಟಿದ ಸ್ಪ್ಯಾನಿಷ್ ನೂರು ಪಾಲು ಮೇಲು.

ಭಾಷೆ ಎಷ್ಟು ಕಾಲ ಕೇಳುತ್ತದೆ ಎಂಬುದಕ್ಕೆ ನಮ್ಮ ಎದುರೇ ಒಂದು ಉದಾಹರಣೆ ಇದೆ. ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದರು. ಅವರ ಕನ್ನಡ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಿಮ್ಮನ್ನು ನಿಘಂಟು ಬರೆಯಿರಿ ಎನ್ನುತ್ತಿಲ್ಲ. ಮೂರು ತಿಂಗಳಲ್ಲಿ ನಿರರ್ಗಳ ಎಂಬ ಜಾಹೀರಾತು ಕಂಡಾಗ ಈ ನಲವತ್ತೊಂದು ವರ್ಷ ನೆನಪಿಗೆ ಬರಲಿ.

ಮೂರನೆಯ ಹೆಜ್ಜೆ: ಕಷ್ಟ ಸುಲಭವನ್ನು ಕನ್ನಡದಿಂದ ಅಳೆಯಿರಿ

ಅಂತರ್ಜಾಲದಲ್ಲಿ ಹುಡುಕಿದರೆ ಸುಲಭ ಭಾಷೆ, ಕಠಿಣ ಭಾಷೆ ಎಂಬ ಪಟ್ಟಿಗಳು ಸಿಗುತ್ತವೆ. ಹೆಚ್ಚಿನವುಗಳ ಮೂಲ ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯ ಅನುಭವ. ಸ್ಪ್ಯಾನಿಷ್, ಫ್ರೆಂಚ್‌ಗಳಿಗೆ ಆರುನೂರರಿಂದ ಏಳುನೂರೈವತ್ತು ಗಂಟೆ, ಜಪಾನಿ, ಕೊರಿಯನ್, ಚೀನಿ, ಅರೇಬಿಕ್‌ಗಳಿಗೆ ಎರಡು ಸಾವಿರದ ಇನ್ನೂರು ಗಂಟೆ ಎಂದು ಅಲ್ಲಿ ಇದೆ. ಆದರೆ ಆ ಲೆಕ್ಕ ಇಂಗ್ಲಿಷ್ ತಾಯ್ನುಡಿಯಾದ ಅಮೆರಿಕನ್ನರದು. ಶಿರಾದ ಹುಡುಗಿ ಅದನ್ನು ನೋಡಿ ಹೆದರಿ ಹಿಂದೆ ಸರಿದರೆ ಅದು ಅನ್ಯಾಯ.

ಜಪಾನಿ ವಾಕ್ಯವೊಂದನ್ನು ನೋಡಿ: "ವತಾಶಿ ವ ಹೊನ್ ಒ ಯೊಮಿಮಸು." ವತಾಶಿ ಎಂದರೆ ನಾನು, ಹೊನ್ ಎಂದರೆ ಪುಸ್ತಕ, ಅದರ ಹಿಂದೆ ಬಂದ ಒ ನಮ್ಮ "ಅನ್ನು", ಕೊನೆಯಲ್ಲಿ ಕ್ರಿಯಾಪದ ಯೊಮಿಮಸು. ನಾನು ಪುಸ್ತಕವನ್ನು ಓದುತ್ತೇನೆ. ಪದಗಳ ಜಾಗ ಒಂದೂ ಬದಲಾಗಲಿಲ್ಲ. ಇಂಗ್ಲಿಷಿನವರು ವಾಕ್ಯವನ್ನು ಬಾಲದಿಂದ ತಲೆಗೆ ತಿರುಗಿಸಿಕೊಂಡು ಯೋಚಿಸಬೇಕು, ನಾವು ಹಾಗೇ ಮುಂದೆ ಹೋಗುತ್ತೇವೆ. ಇಷ್ಟಕ್ಕೇ ಮುಗಿಯುವುದಿಲ್ಲ. "ನಾನು ಓದಿದ ಪುಸ್ತಕ" ಎನ್ನಲು "ವತಾಶಿ ಗ ಯೊಂದ ಹೊನ್" ಎನ್ನುತ್ತಾರೆ, ನಮ್ಮ ಹಾಗೆಯೇ ಓದಿದ್ದು ಮೊದಲು, ಪುಸ್ತಕ ಆಮೇಲೆ. "ಬರುತ್ತೇನೆ ಎಂದು ಹೇಳಿದ" ಎನ್ನುವಾಗ ನಾವು ಬಳಸುವ "ಎಂದು" ಇದೆಯಲ್ಲ, ಅದರ ಜಾಗದಲ್ಲೇ ಜಪಾನಿಯಲ್ಲಿ "ತೊ" ಬರುತ್ತದೆ. ನನಗೆ ತುಂಬ ಇಷ್ಟವಾದದ್ದು ಇದು: ರುಚಿ ಹೇಗಿದೆ ಎಂದು ಪರೀಕ್ಷಿಸಲು ನಾವು "ತಿಂದು ನೋಡುತ್ತೇನೆ" ಎನ್ನುತ್ತೇವೆ. ಜಪಾನಿಯರು "ತಬೆತೆ ಮಿಮಸು" ಎನ್ನುತ್ತಾರೆ. ತಬೆತೆ ಎಂದರೆ ತಿಂದು, ಮಿಮಸು ಎಂದರೆ ನೋಡುತ್ತೇನೆ! ಕೊರಿಯನ್ನರು "ಮೊಗೊ ಬೊಸೆಯೊ" ಎನ್ನುತ್ತಾರೆ. ಅದೂ ತಿಂದು ನೋಡಿ ಎಂದೇ. ನಮ್ಮ "ತಿಂದುಬಿಟ್ಟೆ"ಯ ಬಿಡು ಕೊಡುವ ಅರ್ಥಚ್ಛಾಯೆಗೂ ಜಪಾನಿಯಲ್ಲಿ ಹೆಚ್ಚುಕಡಿಮೆ ಅದೇ ಕೆಲಸ ಮಾಡುವ "ಶಿಮಾವು" ಇದೆ.

ಉಚ್ಚಾರದಲ್ಲೂ ನಮಗೆ ಅನುಕೂಲವಿದೆ. ಒಬಸನ್ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ಒಬಾಸನ್ ಎಂದರೆ ಅಜ್ಜಿ. ಹ್ರಸ್ವ ದೀರ್ಘದ ವ್ಯತ್ಯಾಸ. ಕಿತೆ ಎಂದರೆ ಬಾ, ಕಿತ್ತೆ ಎಂದರೆ ಅಂಚೆಚೀಟಿ. ಒತ್ತಕ್ಷರದ ವ್ಯತ್ಯಾಸ. ಒಂದನೇ ತರಗತಿಯಲ್ಲೇ ಇವನ್ನು ಕಿವಿಗೆ ಹಾಕಿಕೊಂಡ ನಮಗೆ ಇದು ಹೊಸ ಪಾಠವೇ ಅಲ್ಲ. ಜಪಾನಿ ಅಕ್ಷರಮಾಲೆ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ಹೋದ ಸಂಸ್ಕೃತ ವರ್ಣಮಾಲೆಯ ಜಾಡು ಅದರಲ್ಲಿದೆ.

ಹಾಗಾದರೆ ಜಪಾನಿ ಸುಲಭವೇ? ಅಲ್ಲ. ಮಾತಿನ ವ್ಯಾಕರಣ ನಮ್ಮ ಪರ, ಲಿಪಿ ನಮ್ಮ ವಿರುದ್ಧ. ಹಿರಗಾನ, ಕತಕಾನ ಎಂಬ ಎರಡು ಅಕ್ಷರಮಾಲೆಗಳಲ್ಲಿ ತಲಾ ನಲವತ್ತಾರು ಮೂಲ ಅಕ್ಷರಗಳು. ಅವು ಮೂರು ವಾರದ ಕೆಲಸ. ಆದರೆ ಚೀನೀ ಮೂಲದ ಕಾಂಜಿ ಚಿಹ್ನೆಗಳು ನಿತ್ಯಬಳಕೆಯ ಅಧಿಕೃತ ಪಟ್ಟಿಯಲ್ಲೇ 2,136 ಇವೆ, ಒಂದೊಂದಕ್ಕೂ ಹಲವು ಓದುವಿಕೆ. ದಿನಕ್ಕೆ ಐದು ಚಿಹ್ನೆಯನ್ನು ತಿದ್ದುವ ತಾಳ್ಮೆ ಇಲ್ಲದಿದ್ದರೆ ಎರಡನೇ ವರ್ಷ ಕೈಚೆಲ್ಲುತ್ತೀರಿ. ಆ ಭಯವಿದ್ದರೆ ಕೊರಿಯನ್ ನೋಡಿ. ವಾಕ್ಯರಚನೆ ಹಾಗೇ ನಮ್ಮದರಂತೆ, ಲಿಪಿಯಲ್ಲಿ ಇಪ್ಪತ್ನಾಲ್ಕೇ ಮೂಲ ಅಕ್ಷರಗಳು. ಹದಿನೈದನೇ ಶತಮಾನದಲ್ಲಿ ಸೆಜೋಂಗ್ ಎಂಬ ದೊರೆ ಜನಸಾಮಾನ್ಯರು ಓದಲೆಂದೇ ಮಾಡಿಸಿದ ಲಿಪಿ ಅದು, ಒಂದು ವಾರಾಂತ್ಯದಲ್ಲಿ ಬಂದುಬಿಡುತ್ತದೆ. ಅಲ್ಲಿ ಕಷ್ಟ ಕೊಡುವುದು ಉಚ್ಚಾರ ಮತ್ತು ಎದುರಿಗಿರುವವರ ವಯಸ್ಸು ಸ್ಥಾನಕ್ಕೆ ತಕ್ಕಂತೆ ಬದಲಾಗುವ ಕ್ರಿಯಾರೂಪಗಳು. ಅಮ್ಮನನ್ನು ಒಮ್ಮ, ಅಪ್ಪನನ್ನು ಅಪ್ಪ ಎಂದೇ ಅವರೂ ಕರೆಯುತ್ತಾರೆ. ಇದು ಕಾಕತಾಳೀಯ, ಆದರೂ ಮೊದಲ ದಿನ ಮಕ್ಕಳ ಮುಖ ಅರಳುತ್ತದೆ.

ಜರ್ಮನ್‌ಗೆ ಬರೋಣ. ಎಲ್ಲರೂ ದೂರುವುದು ಲಿಂಗದ ಬಗ್ಗೆ. ಕನ್ನಡದಲ್ಲಿ ಲಿಂಗ ಅರ್ಥದ ಹಿಂದೆ ಹೋಗುತ್ತದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮೇಜು ಕುರ್ಚಿ ನಪುಂಸಕ. ಜರ್ಮನ್‌ನಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು, ಹುಡುಗಿ ಎಂಬ ಪದ ನಪುಂಸಕಲಿಂಗ. ಫ್ರೆಂಚ್‌ನಲ್ಲಿ ಸೂರ್ಯ ಗಂಡು, ಚಂದ್ರ ಹೆಣ್ಣು. ಪ್ರತಿ ನಾಮಪದವನ್ನೂ ಲಿಂಗದೊಂದಿಗೇ ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ಲ. ಆದರೆ ವಿಭಕ್ತಿ ಎಂದಾಗ ನಡುಗಬೇಡಿ. ಶಾಲೆಯಲ್ಲಿ ಪ್ರಥಮಾ, ದ್ವಿತೀಯಾ ಎಂದು ಏಳು ವಿಭಕ್ತಿ ಓದಿದವರಿಗೆ ಜರ್ಮನ್‌ನ ನಾಲ್ಕು ಯಾವ ಲೆಕ್ಕ? "ನನಗೆ ಚಳಿಯಾಗುತ್ತಿದೆ" ಎಂಬುದಕ್ಕೆ ಜರ್ಮನರು "ಮಿರ್ ಇಸ್ಟ್ ಕಾಲ್ಟ್" ಎನ್ನುತ್ತಾರೆ. ಮಿರ್ ಎಂದರೆ ನನಗೆ. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ "ನಾನು" ಎಂದು ಶುರುಮಾಡಿ ಎಡವುತ್ತಾರೆ, ಕನ್ನಡದಲ್ಲಿ ಯೋಚಿಸಿದವರು ಎಡವುವುದಿಲ್ಲ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದೂ ನಮಗೆ ಒಗ್ಗಿದ ನಡೆ. ಸ್ಪ್ಯಾನಿಷ್‌ನ "ಮೆ ಗುಸ್ತ ಎಲ್ ಕಫೆ" ಕೂಡ ಹಾಗೆಯೇ, ನನಗೆ ಕಾಫಿ ಇಷ್ಟ. ಸ್ಪ್ಯಾನಿಷ್‌ನಲ್ಲಿ ಐದೇ ಸ್ವರ, ಬರೆದಂತೆ ಓದಬಹುದು. ಬೇಗ ಬಾಯಿಬಿಟ್ಟು ಮಾತಾಡಬೇಕೆಂಬ ಆಸೆ ಇರುವವರಿಗೆ ನಾನು ಮೊದಲು ಹೇಳುವ ಭಾಷೆ ಅದೇ.

ಫ್ರೆಂಚ್ ಓದಲು ಸುಲಭ, ಕೇಳಿ ಅರ್ಥಮಾಡಿಕೊಳ್ಳಲು ಕಷ್ಟ. ಬರೆದ ಕೊನೆಯ ಅಕ್ಷರಗಳು ಬಹಳಷ್ಟು ಸಲ ಉಚ್ಚಾರವಾಗುವುದಿಲ್ಲ, ಮೂಗಿನಿಂದ ಹೊರಡುವ ಸ್ವರಗಳಿಗೆ ಕಿವಿ ಪಳಗಲು ತಿಂಗಳುಗಳು ಬೇಕು. ಎಂಬತ್ತಕ್ಕೆ "ನಾಲ್ಕು ಇಪ್ಪತ್ತು" ಎನ್ನುತ್ತಾರೆ. ಚೀನಿಯಲ್ಲಿ ವ್ಯಾಕರಣ ಹಗುರ, ಆದರೆ ನಾಲ್ಕು ಸ್ವರಭಾರಗಳು, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತಗಳು, ಮತ್ತು ಸಾವಿರಾರು ಚಿಹ್ನೆಗಳು. ಪ ಫ, ಕ ಖ, ತ ಥ ಎಂದು ಅಲ್ಪಪ್ರಾಣ ಮಹಾಪ್ರಾಣ ಬೇರ್ಪಡಿಸಿ ಉಚ್ಚರಿಸುವವರಿಗೆ ಅಲ್ಲಿನ ವ್ಯಂಜನಗಳು ಬೇಗ ಹಿಡಿಸುತ್ತವೆ. ಅರೇಬಿಕ್ ಲಿಪಿಯನ್ನು ಮದರಸಾದಲ್ಲೋ ಉರ್ದುವಿನ ಮೂಲಕವೋ ಕಲಿತ ಮಕ್ಕಳು ಕರಾವಳಿಯಲ್ಲೂ ಕಲಬುರಗಿ ಬೀದರ್ ಕಡೆಯಲ್ಲೂ ಬೇಕಾದಷ್ಟಿದ್ದಾರೆ. ಅವರು ಅರ್ಧ ಏಣಿ ಹತ್ತಿದವರು. ಕಾಲೇಜಿನಲ್ಲಿ ಅರೇಬಿಕ್ ಇದ್ದೂ ಅವರು ಬೇರೆ ಭಾಷೆಗೆ ಹೋಗುವುದನ್ನು ಕಂಡು ಬೇಸರವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಬರೆದ ಸಾಲನ್ನು ವಾಸ್ತವಕ್ಕೆ ಹೊಂದಿಸಿ

ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೊ ಶುಲ್ಕವಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಚೆಗೆ ಶುಲ್ಕ ಶುರುಮಾಡಿದೆ. ಎಂ.ಎಸ್. ಕೋರ್ಸುಗಳು ಇಂಗ್ಲಿಷಿನಲ್ಲೂ ಸಿಗುವುದರಿಂದ ಪ್ರವೇಶಕ್ಕೆ ಜರ್ಮನ್ ಬೇಕಾಗದಿರಬಹುದು. ಆದರೆ ಓದು ಮುಗಿದ ಮೇಲೆ ಅಲ್ಲೇ ಕೆಲಸ ಹುಡುಕುವಾಗ ಬೇಕಾಗುತ್ತದೆ, ಆಗ ಶುರುಮಾಡಿದರೆ ತಡ. ನರ್ಸಿಂಗ್ ಓದುವವರಿಗಂತೂ ಜರ್ಮನ್ ನೇರ ದಾರಿ: ಅಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಬೆಂಗಳೂರಿನಲ್ಲಿ ಬಾಷ್, ಸೀಮೆನ್ಸ್, ಎಸ್‌ಎಪಿ, ಮರ್ಸಿಡಿಸ್ ಬೆಂಜ್‌ನ ಸಂಶೋಧನಾ ಕೇಂದ್ರ ಎಲ್ಲವೂ ಇವೆ. ಆದರೆ ಅಲ್ಲಿನ ಎಂಜಿನಿಯರುಗಳ ಕೆಲಸದ ಭಾಷೆ ಇಂಗ್ಲಿಷ್. ಜರ್ಮನ್ ಬಂದರೆ ಸಾಕು, ಕೆಲಸ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ವಿಷಯ ಮೊದಲು, ಭಾಷೆ ಅದರ ಜೊತೆಗೆ.

ಬಿ.ಕಾಂ. ಮಕ್ಕಳು ಇದನ್ನು ಗಮನಿಸಬೇಕು. ಯುರೋಪಿನ ಕಂಪನಿಗಳ ಲೆಕ್ಕಪತ್ರ, ಇನ್‌ವಾಯ್ಸ್, ಗ್ರಾಹಕ ಸೇವೆಯನ್ನು ನೋಡಿಕೊಳ್ಳುವ ಕಚೇರಿಗಳು ಬೆಂಗಳೂರಿನಲ್ಲಿ ಬಹಳ ಇವೆ. ಅಲ್ಲಿ ಲೆಕ್ಕಶಾಸ್ತ್ರದ ಜೊತೆ ಫ್ರೆಂಚ್, ಜರ್ಮನ್ ಅಥವಾ ಸ್ಪ್ಯಾನಿಷ್ ಬಲ್ಲವರಿಗೆ ಬೇರೆಯದೇ ಸಾಲು ಇರುತ್ತದೆ.

ಫ್ರೆಂಚ್‌ನ ಇನ್ನೊಂದು ಬಾಗಿಲು ಕೆನಡಾ. ಆ ದೇಶ 2023ರಿಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಕಾಯಂ ನೆಲೆಸಲು ಕುಶಲ ವಲಸಿಗರನ್ನು ಆರಿಸುವ ವ್ಯವಸ್ಥೆಯಲ್ಲಿ, ಫ್ರೆಂಚ್ ಬಲ್ಲವರಿಗೇ ಪ್ರತ್ಯೇಕ ಸುತ್ತುಗಳನ್ನು ನಡೆಸುತ್ತಿದೆ. ಅದಕ್ಕೆ ಬೇಕಾದ ಮಟ್ಟ ಹೆಚ್ಚುಕಡಿಮೆ ಬಿ2, ಪರೀಕ್ಷೆ ಟಿಇಎಫ್ ಅಥವಾ ಟಿಸಿಎಫ್ ಕೆನಡಾ. ಕಾಲೇಜಿನ ಅಂಕಪಟ್ಟಿಗೆ ಅಲ್ಲಿ ಬೆಲೆ ಇಲ್ಲ. ಫ್ರಾನ್ಸ್ ಕೂಡ 2030ರ ವೇಳೆಗೆ ಮೂವತ್ತು ಸಾವಿರ ಭಾರತೀಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಗುರಿ ಹೇಳಿಕೊಂಡಿದೆ.

ಜಪಾನ್ ಕೈಕೆಲಸ ಬಲ್ಲವರಿಗೂ ಬಾಗಿಲು ತೆರೆದಿದೆ. 2019ರ ಏಪ್ರಿಲ್‌ನಲ್ಲಿ ಶುರುವಾದ ನಿರ್ದಿಷ್ಟ ಕುಶಲ ಕೆಲಸಗಾರರ ವೀಸಾಕ್ಕೆ ಎನ್4 ಅಥವಾ ಅದಕ್ಕೆ ಸಮನಾದ ಭಾಷಾ ಪರೀಕ್ಷೆ ಮತ್ತು ಆಯಾ ಕೆಲಸದ ಪರೀಕ್ಷೆ ಪಾಸಾಗಬೇಕು. ವೃದ್ಧರ ಆರೈಕೆ, ಕೃಷಿ, ಹೋಟೆಲ್ ಮುಂತಾದ ಕ್ಷೇತ್ರಗಳು ಇದರಲ್ಲಿವೆ. ಇಲ್ಲೇ ಉಳಿಯುವವರಿಗೆ ಬಿಡದಿಯ ಟೊಯೊಟಾ, ಕೋಲಾರದ ನರಸಾಪುರದ ಹೋಂಡಾ ಮತ್ತು ಅವುಗಳಿಗೆ ಬಿಡಿಭಾಗ ಒದಗಿಸುವ ಕಾರ್ಖಾನೆಗಳಿವೆ. ಜಪಾನಿನಿಂದ ಬಂದ ಎಂಜಿನಿಯರುಗಳಿಗೂ ಇಲ್ಲಿನ ಕೆಲಸಗಾರರಿಗೂ ನಡುವೆ ದುಭಾಷಿಗಳಾಗಿ ನಿಲ್ಲುವವರಿಗೆ ಕನ್ನಡವೂ ಜಪಾನಿಯೂ ಬರಬೇಕು. ಎರಡನ್ನೂ ಚೆನ್ನಾಗಿ ಬಲ್ಲವರು ತೀರ ಕಡಿಮೆ.

ಸ್ಪ್ಯಾನಿಷ್ ಇಪ್ಪತ್ತು ದೇಶಗಳ ಅಧಿಕೃತ ಭಾಷೆ. ರಷ್ಯನ್ ಅನ್ನು ನಾನು ಹೇಳುವುದು ಅಲ್ಲಿ ವೈದ್ಯಕೀಯ ಓದಲು ಹೊರಟವರಿಗೆ. ತರಗತಿ ಇಂಗ್ಲಿಷಿನಲ್ಲಿದ್ದರೂ ಆಸ್ಪತ್ರೆಯ ರೋಗಿ ಇಂಗ್ಲಿಷ್ ಮಾತಾಡುವುದಿಲ್ಲ.

ಐದನೆಯ ಹೆಜ್ಜೆ: ಭಾಷೆಗಿಂತ ಮೊದಲು ತರಗತಿಯನ್ನು ನೋಡಿ

ಒಳ್ಳೆಯ ಅಧ್ಯಾಪಕರಿರುವ ಎರಡನೇ ಆಯ್ಕೆ, ಅಧ್ಯಾಪಕರೇ ಇಲ್ಲದ ಮೊದಲ ಆಯ್ಕೆಗಿಂತ ವಾಸಿ. ಪ್ರವೇಶಕ್ಕೆ ಮೊದಲು ಕಾಲೇಜಿಗೆ ಹೋಗಿ ಹಿರಿಯ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿಸಿ. ಈ ಭಾಷೆ ನಾಲ್ಕೂ ಸೆಮಿಸ್ಟರ್ ನಡೆಯುತ್ತದೆಯೇ? ಪಾಠ ಮಾಡುವವರು ಕಾಯಂ ಇದ್ದಾರೆಯೇ, ಪ್ರತಿ ಸೆಮಿಸ್ಟರ್ ಬದಲಾಗುತ್ತಾರೆಯೇ? ತರಗತಿಯಲ್ಲಿ ಎಷ್ಟು ಜನ? ಮಾತಾಡಿಸುತ್ತಾರೆಯೇ, ಬರೆಸುವುದು ಮಾತ್ರವೇ? ಕಳೆದ ವರ್ಷದ ಪ್ರಶ್ನೆಪತ್ರಿಕೆ ಕೇಳಿ ಪಡೆಯಿರಿ. ಅದರಲ್ಲಿ "ಇಂಗ್ಲಿಷಿಗೆ ಅನುವಾದಿಸಿ", "ಲೇಖಕರ ಪರಿಚಯ ಬರೆಯಿರಿ" ಎಂಬಂಥ ಪ್ರಶ್ನೆಗಳೇ ತುಂಬಿದ್ದರೆ, ಅಲ್ಲಿ ಭಾಷೆಯ ಬಗ್ಗೆ ಕಲಿಯುತ್ತೀರಿ, ಭಾಷೆಯನ್ನಲ್ಲ.

ನನ್ನ ತಂಗಿಯ ಮಗ ಸೇರಿದ ಕಾಲೇಜಿನಲ್ಲಿ ಜಪಾನಿ ಇದೆ ಎಂದು ಕೈಪಿಡಿಯಲ್ಲಿ ಅಚ್ಚಾಗಿತ್ತು. ಎರಡು ಸೆಮಿಸ್ಟರ್ ಆದ ಮೇಲೆ ವಿದ್ಯಾರ್ಥಿಗಳು ಸಾಕಷ್ಟಿಲ್ಲ ಎಂದು ತರಗತಿ ನಿಲ್ಲಿಸಿ ಅವನನ್ನು ಬೇರೆ ಭಾಷೆಗೆ ಹಾಕಿದರು. ಒಂದು ವರ್ಷದ ಶ್ರಮ ಹಾಗೇ ನಿಂತುಹೋಯಿತು. ಕನಿಷ್ಠ ಎಷ್ಟು ವಿದ್ಯಾರ್ಥಿಗಳಿದ್ದರೆ ತರಗತಿ ನಡೆಸುತ್ತೀರಿ ಎಂದು ಲಿಖಿತವಾಗಿ ಕೇಳುವುದು ನಿಮ್ಮ ಹಕ್ಕು. ಕೇಳಲು ಸಂಕೋಚ ಬೇಡ.

ಕಾಲೇಜಿನ ಹೊರಗೂ ದಾರಿಗಳಿವೆ. ಬೆಂಗಳೂರಿನಲ್ಲಿ ಜರ್ಮನ್‌ಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, ಅಂದರೆ ಗ್ಯೋಟೆ ಸಂಸ್ಥೆ, ಮತ್ತು ಫ್ರೆಂಚ್‌ಗೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಇವೆ. ಇವುಗಳ ಶುಲ್ಕ ಸಾಮಾನ್ಯ ಕುಟುಂಬಕ್ಕೆ ಭಾರವೇ. ಹಾಗಾಗಿ ಮೊದಲೆರಡು ಮಟ್ಟವನ್ನು ಕಾಲೇಜಿನಲ್ಲಿ ಮುಗಿಸಿ, ಬಿ1ರಿಂದ ಅಲ್ಲಿಗೆ ಹೋಗುವುದು ನಾನು ಹೇಳುವ ಉಪಾಯ. ಇಗ್ನೋ ವಿಶ್ವವಿದ್ಯಾಲಯ ಫ್ರೆಂಚ್, ಜರ್ಮನ್, ಜಪಾನಿ, ಸ್ಪ್ಯಾನಿಷ್, ಅರೇಬಿಕ್ ಮುಂತಾದ ಭಾಷೆಗಳಲ್ಲಿ ದೂರಶಿಕ್ಷಣದ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ, ಶುಲ್ಕವೂ ಕಡಿಮೆ. ಭಾಷೆಯನ್ನೇ ಮುಖ್ಯ ವಿಷಯವಾಗಿ ಓದಬೇಕೆಂಬ ಮನಸ್ಸಿದ್ದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ದೆಹಲಿಯ ಜೆಎನ್‌ಯು ಇವೆ. ರಾಯಚೂರು, ಯಾದಗಿರಿ ಕಡೆಯ ಮಕ್ಕಳಿಗೆ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ.

ಆರನೆಯ ಹೆಜ್ಜೆ: ಮೂರು ವಾರ ರುಚಿ ನೋಡಿ

ಫಲಿತಾಂಶಕ್ಕೂ ಪ್ರವೇಶಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಎರಡು ಭಾಷೆಗಳನ್ನು ಆರಿಸಿಕೊಂಡು ಒಂದೊಂದಕ್ಕೂ ದಿನಕ್ಕೆ ಅರ್ಧ ಗಂಟೆ ಕೊಡಿ. ಜರ್ಮನ್‌ಗೆ ಡಾಯ್ಚೆ ವೆಲ್ಲೆ, ಫ್ರೆಂಚ್‌ಗೆ ಟಿವಿ5 ಮಾಂಡ್, ಜಪಾನಿಗೆ ಎನ್‌ಎಚ್‌ಕೆ ವರ್ಲ್ಡ್ ಉಚಿತ ಪಾಠಗಳನ್ನು ಕೊಡುತ್ತವೆ, ಮೊಬೈಲ್ ಒಂದಿದ್ದರೆ ಸಾಕು. ಮೊದಲ ವಾರ ಕೇಳುವುದು ಮಾತ್ರ, ಕೇಳಿದ್ದನ್ನು ಗಟ್ಟಿಯಾಗಿ ಹೇಳುವುದು. ಎರಡನೇ ವಾರ ದಿನಕ್ಕೆ ಐದು ವಾಕ್ಯ ಬಾಯಿಪಾಠ. ಮೂರನೇ ವಾರ ಲಿಪಿ ಅಥವಾ ಕಾಗುಣಿತ.

ಆಮೇಲೆ ಎರಡು ದಿನ ಏನೂ ಮಾಡದೆ ಬಿಟ್ಟುಬಿಡಿ. ಮೂರನೆಯ ದಿನ ಯಾವ ಭಾಷೆಯ ವಾಕ್ಯ ಬಚ್ಚಲುಮನೆಯಲ್ಲೋ ಬಸ್ಸಿನಲ್ಲೋ ತಾನಾಗಿಯೇ ಬಾಯಿಗೆ ಬರುತ್ತದೆ ಎಂದು ನೋಡಿ. ನನ್ನ ಅನುಭವದಲ್ಲಿ ಈ ಪರೀಕ್ಷೆ ಸುಳ್ಳು ಹೇಳಿಲ್ಲ. ಶಿರಾದ ಹುಡುಗಿ ಫ್ರೆಂಚ್ ಮತ್ತು ಕೊರಿಯನ್ ಎರಡನ್ನೂ ಹೀಗೆ ಮಾಡಿ ನೋಡಿದಳು. ನಮ್ಮಲ್ಲಿ ಕೊರಿಯನ್ ಇಲ್ಲ. ಅವಳು ಕಾಲೇಜಿನಲ್ಲಿ ಕನ್ನಡ ತೆಗೆದುಕೊಂಡು ಕೊರಿಯನ್ ಅನ್ನು ಆನ್‌ಲೈನ್ ತರಗತಿಯಲ್ಲಿ ಶುರುಮಾಡಿದ್ದಾಳೆ.

ಸೇರಿದ ಮೇಲೆ

ನೋಟ್ಸನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಫ್ರೆಂಚ್‌ನ "ತು", "ವು" ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ, ಕನ್ನಡದಲ್ಲಿ ನೀನು, ನೀವು ಎಂದು ಬರೆದರೆ ಮತ್ತೆ ವಿವರಣೆಯೇ ಬೇಡ. ಪಠ್ಯಪುಸ್ತಕ ಇಂಗ್ಲಿಷಿನಲ್ಲಿದೆ ಎಂದು ತಲೆಯೂ ಇಂಗ್ಲಿಷಿನಲ್ಲೇ ಓಡಬೇಕಿಲ್ಲ.

ಅಂತರರಾಷ್ಟ್ರೀಯ ಪರೀಕ್ಷೆಯ ದಿನವನ್ನು ಮೊದಲೇ ಗುರುತು ಹಾಕಿಕೊಳ್ಳಿ. ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರವಿದೆ, ನೋಂದಣಿ ತಿಂಗಳುಗಳ ಮೊದಲೇ ಮುಗಿಯುತ್ತದೆ. ಅದರಲ್ಲಿ ಮಾತಿನ ಪರೀಕ್ಷೆ ಇಲ್ಲ, ಹಾಗಾಗಿ ಪಾಸಾದೆ ಎಂದು ಮಾತು ಬಿಡಬೇಡಿ. ಫ್ರೆಂಚ್‌ನ ಡೆಲ್ಫ್, ಸ್ಪ್ಯಾನಿಷ್‌ನ ಡೆಲೆ, ಜೆಎಲ್‌ಪಿಟಿ ಪ್ರಮಾಣಪತ್ರಗಳಿಗೆ ಅವಧಿ ಇಲ್ಲ. ಟೋಪಿಕ್, ಟಿಇಎಫ್ ಅಂಕಗಳು ಎರಡೇ ವರ್ಷ ನಡೆಯುತ್ತವೆ, ಅವನ್ನು ಮೊದಲ ವರ್ಷದಲ್ಲಿ ಬರೆದರೆ ಕೆಲಸ ಹುಡುಕುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಜರ್ಮನ್ ಪ್ರಮಾಣಪತ್ರಕ್ಕೆ ಅವಧಿ ಇಲ್ಲದಿದ್ದರೂ ಎರಡು ವರ್ಷಕ್ಕಿಂತ ಹಳೆಯದನ್ನು ಒಪ್ಪದ ಸಂಸ್ಥೆಗಳಿವೆ.

ತರಗತಿ ಶುರುವಾದ ಹತ್ತು ದಿನಕ್ಕೆ ಇದು ನನ್ನ ಭಾಷೆ ಅಲ್ಲ ಅನ್ನಿಸಿದರೆ ಸುಮ್ಮನೆ ಕೂರಬೇಡಿ. ಹಾಜರಿ ಪಟ್ಟಿ ಅಂತಿಮವಾಗಿ ವಿಶ್ವವಿದ್ಯಾಲಯಕ್ಕೆ ಹೋಗುವ ತನಕ ಭಾಷೆ ಬದಲಿಸಲು ಹಲವು ಕಾಲೇಜುಗಳು ಅವಕಾಶ ಕೊಡುತ್ತವೆ. ಕಚೇರಿಗೆ ಹೋಗಿ ಆ ಕೊನೆಯ ದಿನಾಂಕ ಯಾವುದು ಎಂದು ಸೇರಿದ ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.